ಬೆಳಿಗ್ಗೆ ಮಾತ್ರ ಯಾಕೆ ಇಂಜಿನ್ ಟಿಕಿಟಿಕಿ ಅನ್ನುತ್ತೆ?

ಡಿಸೆಂಬರ್‌ನಲ್ಲಿ ಮಡಿಕೇರೀಲಿ ಕಾರು ರಾತ್ರಿ ಹೊರಗೇ ನಿಂತಿದ್ರೆ ಬೆಳಿಗ್ಗೆ ಸೆಲ್ಫ್ ಹೊಡೆದ ತಕ್ಷಣ ಇಂಜಿನ್ ಟಿಕಿಟಿಕಿ ಅಂತ ಶುರು ಮಾಡಿ, ಒಂದೆರಡು ನಿಮಿಷ ಗಡಗಡ ನಡುಗಿ, ಆಮೇಲೆ ಏನೂ ಆಗೇ ಇಲ್ಲ ಅನ್ನೋ ಥರ ಸುಮ್ನಾಗುತ್ತೆ. ಗ್ಯಾರೇಜ್ ಮುಟ್ಟೋ ಹೊತ್ತಿಗೆ ಇಂಜಿನ್ ಬಿಸಿ, ಮೆಕ್ಯಾನಿಕ್ ಬಾನೆಟ್ ಎತ್ತಿ ಕಿವಿಗೊಟ್ಟು "ಚೆನ್ನಾಗೇ ಇದೆಯಲ್ಲ ಸಾರ್" ಅಂತಾರೆ. ನನಗೆ ಮೂರು ಸಲ ಹೀಗಾಯ್ತು, ಅದಕ್ಕೇ ಈಗ ಹಿಂದಿನ ದಿನ ಸಂಜೆನೇ ಗಾಡಿ ಅಲ್ಲಿ ಬಿಟ್ಟು, ಬೆಳಿಗ್ಗೆ ನೀವೇ ಸ್ಟಾರ್ಟ್ ಮಾಡಿ ಕೇಳಿ ಅಂತ ಹೇಳಿ ಬರ್ತೀನಿ.

ಆ ಶಬ್ದ ಎಷ್ಟೊತ್ತಿಗೆ ನಿಲ್ಲುತ್ತೆ ಅನ್ನೋದ್ರಲ್ಲೇ ಅರ್ಧ ಉತ್ತರ ಇರುತ್ತೆ. ರಾತ್ರಿಯೆಲ್ಲಾ ಆಯಿಲ್ ಕೆಳಗಿನ ಸಂಪ್‌ಗೆ ಇಳಿದು ತಣ್ಣಗೆ ಮಂದ ಆಗಿರುತ್ತೆ, ಪಂಪು ಅದನ್ನ ಮೇಲೆ ವಾಲ್ವ್‌ಗಳ ಹತ್ರ ಮುಟ್ಟಿಸೋವರೆಗೂ ಹೈಡ್ರಾಲಿಕ್ ಟ್ಯಾಪೆಟ್ (ಆಯಿಲ್ ಒತ್ತಡದಿಂದ ವಾಲ್ವ್‌ಗಳ ಸಂದು ತುಂಬೋ ಭಾಗ) ಟಿಕಿಟಿಕಿ ಅನ್ನೋದು ಸಹಜ. ಮೂರ್ನಾಲ್ಕು ಸೆಕೆಂಡಲ್ಲಿ ನಿಂತ್ರೆ ಬಿಟ್ಟುಬಿಡಿ. ಇಪ್ಪತ್ತು ಸೆಕೆಂಡ್ ಎಳೀತು ಅಂದ್ರೆ ಮೊದಲು ಡಿಪ್‌ಸ್ಟಿಕ್ (ಆಯಿಲ್ ಎಷ್ಟಿದೆ ಅಂತ ತೋರಿಸೋ ಕಡ್ಡಿ) ನೋಡಿ, ಆಮೇಲೆ ಹಿಂದಿನ ಸರ್ವಿಸ್‌ನಲ್ಲಿ ಯಾವ ಗ್ರೇಡ್ ಆಯಿಲ್ ಹಾಕಿದ್ರು ಅಂತ ಕೇಳಿ. 5ಡಬ್ಲ್ಯೂ-30 ಬೇಕಿರೋ ಇಂಜಿನ್‌ಗೆ 20ಡಬ್ಲ್ಯೂ-50 ಹಾಕಿದ್ರೆ ಚಳೀಲಿ ಅದು ಮೇಲೆ ಏರೋದೇ ತಡ. ಆ ಡಬ್ಲ್ಯೂ ಅಂದ್ರೆ ವಿಂಟರ್, ಅದಕ್ಕಿಂತ ಮುಂಚೆ ಇರೋ ನಂಬರ್ ಕಮ್ಮಿ ಇದ್ದಷ್ಟೂ ಚಳೀಲಿ ಸಲೀಸಾಗಿ ಹರಿಯುತ್ತೆ. ನನ್ನ ಗಾಡಿಯ ಟಿಕಿಟಿಕಿಗೆ ಇದೇ ಕಾರಣ ಆಗಿತ್ತು.

ಖಾಲಿ ಡಬ್ಬ ತಟ್ಟಿದ ಹಾಗೆ ಟಕ್ ಟಕ್ ಅಂತಿದ್ದು, ಬಿಸಿ ಏರ್ತಾ ಏರ್ತಾ ಅಡಗಿದ್ರೆ ಪಿಸ್ಟನ್ ಮೇಲೆ ಅನುಮಾನ. ಪಿಸ್ಟನ್ ಅಲ್ಯೂಮಿನಿಯಂ, ಎಷ್ಟೋ ಇಂಜಿನ್‌ಗಳಲ್ಲಿ ಸಿಲಿಂಡರ್ ಗೋಡೆ ಬೀಡು ಕಬ್ಬಿಣ, ಒಂದೇ ಬಿಸಿಗೆ ಅಲ್ಯೂಮಿನಿಯಂ ಸುಮಾರು ಎರಡರಷ್ಟು ಹಿಗ್ಗುತ್ತೆ, ಹಾಗಾಗಿ ಸವೆದ ಇಂಜಿನ್‌ನಲ್ಲಿ ತಣ್ಣಗಿದ್ದಾಗ ಪಿಸ್ಟನ್ ಅತ್ತಿತ್ತ ಬಡಿದು, ಹಿಗ್ಗಿದ ಮೇಲೆ ಸರಿಯಾಗಿ ಕೂರುತ್ತೆ. ಆದ್ರೆ ಬಿಸಿಯಾದಷ್ಟೂ ಜಾಸ್ತಿಯಾಗೋ, ಏರು ಹತ್ತುವಾಗ ಧಡ್ ಧಡ್ ಅನ್ನೋ ಶಬ್ದ ಬೇರಿಂಗ್‌ದು ಇರಬಹುದು. ದಯವಿಟ್ಟು ಆ ಗಾಡೀನ ಓಡಿಸ್ಬೇಡಿ, ಟೋ ಮಾಡ್ಸಿ.

ಇನ್ನು ನಡುಕ. ಪೆಟ್ರೋಲ್ ಆವಿ ಆದ್ರೇನೇ ಸರಿಯಾಗಿ ಉರಿಯೋದು, ಚಳೀಲಿ ಅರ್ಧಂಬರ್ಧ ಗೋಡೆಗೇ ಅಂಟಿಕೊಳ್ಳುತ್ತೆ. ಅದಕ್ಕೇ ಹಳೇ ಗಾಡೀಲಿ ಚೋಕ್ ಎಳೀತಿದ್ವಿ, ಈಗಿನದ್ರಲ್ಲಿ ಕಂಪ್ಯೂಟರೇ ಕೂಲೆಂಟ್ (ಇಂಜಿನ್ ತಣಿಸೋ ನೀರು) ಎಷ್ಟು ಬಿಸಿ ಇದೆ ಅಂತ ಅದರ ಸೆನ್ಸರ್‌ನ ಕೇಳಿ ಪೆಟ್ರೋಲ್ ಜಾಸ್ತಿ ಬಿಡುತ್ತೆ. ಆ ಸೆನ್ಸರೇ ಸುಳ್ಳು ಹೇಳಿದ್ರೆ? ನನ್ನ ಗಾಡಿಗೆ ಗ್ಯಾರೇಜಲ್ಲಿ ಬೆಳಿಗ್ಗೆ, ಸ್ಟಾರ್ಟ್ ಮಾಡೋಕೆ ಮುಂಚೆನೇ ಸ್ಕ್ಯಾನರ್ ಹಾಕಿ ನೋಡಿದ್ರು: ಒಳಗೆ ಎಳೆಯೋ ಗಾಳಿ 13 ಡಿಗ್ರಿ, ಕೂಲೆಂಟ್ 78 ಡಿಗ್ರಿ! ರಾತ್ರಿಯೆಲ್ಲಾ ನಿಂತ ಗಾಡೀಲಿ ಎರಡೂ ಹೆಚ್ಚುಕಮ್ಮಿ ಒಂದೇ ಇರಬೇಕು. ಇಂಜಿನ್ ಬಿಸಿ ಇದೆ ಅಂದ್ಕೊಂಡು ಕಂಪ್ಯೂಟರ್ ಪೆಟ್ರೋಲ್ ಕಮ್ಮಿ ಬಿಡ್ತಿತ್ತು, ಮಿಸ್ಸಿಂಗ್ ಹೊಡೀತಿತ್ತು, ಅಂದ್ರೆ ಸಿಲಿಂಡರ್‌ನಲ್ಲಿ ಪೆಟ್ರೋಲ್ ಸರಿಯಾಗಿ ಉರೀತಿರಲಿಲ್ಲ, ಅಷ್ಟೇ. ಎಲ್ಲಾ ನಡುಕಕ್ಕೂ ಸೆನ್ಸರೇ ಕಾರಣ ಅಂತಲ್ಲ. ಒಂದೇ ಸಿಲಿಂಡರ್ ಮಿಸ್ ಆಗ್ತಿದ್ರೆ ಇಂಜಿನ್ ಆಫ್ ಮಾಡಿ ಅದರ ಕಾಯಿಲ್‌ನ (ಕಿಡಿ ಹಾರಿಸೋಕೆ ಕರೆಂಟ್ ಕೊಡೋ ಭಾಗ) ಪಕ್ಕದ ಸಿಲಿಂಡರ್‌ನದ್ದರ ಜೊತೆ ಅದಲುಬದಲು ಮಾಡಿ ನೋಡಿ, ಮಿಸ್ಸಿಂಗೂ ಜೊತೆಗೇ ಹೋದ್ರೆ ಕಳ್ಳ ಸಿಕ್ಕಿದ ಹಾಗೆ. ಬಿಳಿ ಹೊಗೆ ನಿಲ್ಲದೇ ಬಂದು ಕೂಲೆಂಟೂ ಇಳೀತಿದ್ರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕ್‌ಗೂ ಮೇಲಿನ ಹೆಡ್‌ಗೂ ಮಧ್ಯದ ಸೀಲು) ಚೆಕ್ ಮಾಡ್ಸಲೇಬೇಕು.

ಆ ಕೂಲೆಂಟ್ ಸೆನ್ಸರ್ ಬೆರಳುದ್ದದ ಹಿತ್ತಾಳೆ ತುಂಡು. ಹೊಸದು ಹಾಕಿಸಿದ ಮಾರನೇ ಬೆಳಿಗ್ಗೆ ಸೆಲ್ಫ್ ಹೊಡೆದೆ, ಆರ್‌ಪಿಎಂ (ನಿಮಿಷಕ್ಕೆ ಇಂಜಿನ್ ಎಷ್ಟು ಸುತ್ತು) ಮುಳ್ಳು 1300ಕ್ಕೆ ಏರಿ, ನಡುಗದೇ ನಿಧಾನಕ್ಕೆ 800ಕ್ಕೆ ಬಂದು ಕೂತಿತು.