ಬಾಂಬು ಬೀಳುತ್ತಿದ್ದಾಗ ಲಂಡನ್ ಜನರನ್ನು ಎದೆಗುಂದದಂತೆ ಕಾಪಾಡಿದ್ದು ಚರ್ಚಿಲ್ ಭಾಷಣಗಳೇ?

ಪ್ರಶ್ನೆ: ಎರಡನೆಯ ಮಹಾಯುದ್ಧದಲ್ಲಿ ಲಂಡನ್ ನಗರದ ಮೇಲೆ ತಿಂಗಳುಗಟ್ಟಲೆ ಬಾಂಬು ಸುರಿದರೂ ಅಲ್ಲಿನ ಜನ ಒಗ್ಗಟ್ಟಾಗಿ ನಿಂತರು, ಅದಕ್ಕೆ ಚರ್ಚಿಲ್ ಅವರಂಥ ನಾಯಕ ಇದ್ದದ್ದೇ ಕಾರಣ ಎಂದು ಓದುತ್ತ ಬಂದಿದ್ದೇವೆ. ಇದು ಎಷ್ಟರ ಮಟ್ಟಿಗೆ ನಿಜ? ಯುದ್ಧಕಾಲದಲ್ಲಿ ಜನರ ಒಗ್ಗಟ್ಟನ್ನು ನಾಯಕರು ಹುಟ್ಟಿಸಬಲ್ಲರೇ?

ಉತ್ತರ: ಆ ಒಗ್ಗಟ್ಟು ಇದ್ದದ್ದು ನಿಜ, ಚರ್ಚಿಲ್ ಅವರ ಮಾತಿಗೆ ತೂಕವಿದ್ದದ್ದೂ ನಿಜ. ಆದರೆ ಒಂದು ಇನ್ನೊಂದನ್ನು ಹುಟ್ಟಿಸಿತು ಎನ್ನುವುದಕ್ಕೆ ಆ ತಿಂಗಳುಗಳ ದಾಖಲೆ ಒಪ್ಪುವುದಿಲ್ಲ. 1940ರ ಸೆಪ್ಟೆಂಬರ್‌ನಲ್ಲಿ ಜನ ಮುಂದೆ ಹೋದರು, ಸರ್ಕಾರ ಅವರ ಹಿಂದೆ ಓಡಿ ಬಂತು. ಹಾಗೆ ಹಿಂದೆ ಬೀಳಲು ಮುಖ್ಯ ಕಾರಣ, ಆಳುವವರಿಗೆ ತಮ್ಮದೇ ಜನರ ಮೇಲಿದ್ದ ಅಪನಂಬಿಕೆ.

ಯುದ್ಧಕ್ಕೆ ಮುಂಚಿನ ಲೆಕ್ಕಾಚಾರಗಳನ್ನು ನೋಡಿದರೆ ಈ ಅಪನಂಬಿಕೆಯ ಆಳ ತಿಳಿಯುತ್ತದೆ. 60 ದಿನಗಳ ವಾಯುದಾಳಿಯಲ್ಲಿ 6 ಲಕ್ಷ ಜನ ಸಾಯುತ್ತಾರೆ, 12 ಲಕ್ಷ ಜನ ಗಾಯಗೊಳ್ಳುತ್ತಾರೆ ಎಂದು 1937ರಲ್ಲಿ ಅಂದಾಜು ಮಾಡಲಾಗಿತ್ತು. ಮೊದಲ ಆರು ತಿಂಗಳಲ್ಲಿ 30ರಿಂದ 40 ಲಕ್ಷ ಜನ ಮಾನಸಿಕವಾಗಿ ಕುಸಿದು ಆಸ್ಪತ್ರೆಯ ಬಾಗಿಲಿಗೆ ಬರುತ್ತಾರೆ ಎಂದು ಮನೋವೈದ್ಯರ ಒಂದು ತಂಡ 1938ರಲ್ಲಿ ಎಚ್ಚರಿಸಿತ್ತು. ಮುಂದೆ ನಡೆದದ್ದೇ ಬೇರೆ. 1940ರ ಸೆಪ್ಟೆಂಬರ್ 7ರಿಂದ 1941ರ ಮೇ ತಿಂಗಳವರೆಗಿನ ದಾಳಿಗಳಲ್ಲಿ ಬ್ರಿಟನ್ ಒಟ್ಟಾರೆ 40 ಸಾವಿರಕ್ಕೂ ಹೆಚ್ಚು ನಾಗರಿಕರನ್ನು ಕಳೆದುಕೊಂಡಿತು. ಅವರಲ್ಲಿ ಸುಮಾರು ಅರ್ಧದಷ್ಟು ಜನ ಲಂಡನ್ನಿನವರು. ಇದು ಸಣ್ಣ ಸಂಖ್ಯೆಯಲ್ಲ. ಆದರೆ ಹುಚ್ಚು ಹಿಡಿದವರಿಗಾಗಿ ಸಜ್ಜುಗೊಳಿಸಿದ್ದ ಚಿಕಿತ್ಸಾಲಯಗಳಿಗೆ ರೋಗಿಗಳು ಬರಲೇ ಇಲ್ಲ.

ಜನ ಹೆದರಿ ನೆಲದಡಿ ಸೇರಿಕೊಂಡರೆ ಮತ್ತೆ ಮೇಲೆ ಬರುವುದಿಲ್ಲ, ಕಾರ್ಖಾನೆಗಳು ನಿಂತುಹೋಗುತ್ತವೆ ಎಂಬ ಭಯ ಅಧಿಕಾರಿಗಳಲ್ಲಿ ಬಲವಾಗಿತ್ತು. ಸ್ಪೇನಿನ ಅಂತರ್ಯುದ್ಧದಲ್ಲಿ ವಾಯುದಾಳಿಗಳನ್ನು ಕಣ್ಣಾರೆ ಕಂಡಿದ್ದ ವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ (1957ರಲ್ಲಿ ಭಾರತಕ್ಕೆ ಬಂದು ನೆಲೆಸಿ, ಇಲ್ಲಿಯ ಪೌರತ್ವವನ್ನೂ ಪಡೆದವರು) ಆಳವಾದ ಆಶ್ರಯತಾಣಗಳನ್ನು ತೋಡಬೇಕೆಂದು ಒತ್ತಾಯಿಸಿದರು. ಲಾರ್ಡ್ ಹೇಯ್ಲಿ ಅಧ್ಯಕ್ಷತೆಯ ಸಮಿತಿ 1939ರಲ್ಲಿ ಅದನ್ನು ತಳ್ಳಿಹಾಕಿತು. ನಾಗರಿಕ ರಕ್ಷಣೆಯ ಹೊಣೆ ಹೊತ್ತಿದ್ದ ಮಂತ್ರಿ ಸರ್ ಜಾನ್ ಆಂಡರ್ಸನ್ ಅವರಿಗೂ ಅದು ಬೇಕಿರಲಿಲ್ಲ. ಹೇಯ್ಲಿ ಪಂಜಾಬ್ ಮತ್ತು ಸಂಯುಕ್ತ ಪ್ರಾಂತಗಳ ಗವರ್ನರ್ ಆಗಿದ್ದವರು. ಆಂಡರ್ಸನ್ 1932ರಿಂದ 1937ರವರೆಗೆ ಬಂಗಾಳದ ಗವರ್ನರ್. ಗುಂಪುಗೂಡಿದ ಜನರನ್ನು ಕಂಡರೆ ಮೊದಲು ಗಲಭೆಯನ್ನೇ ನೆನೆಯುವ ಅಭ್ಯಾಸ ಅವರಿಗೆ ನಮ್ಮ ನೆಲದಲ್ಲಿ ಬಂದಿತ್ತೇ ಎಂದು ಭಾರತೀಯ ಓದುಗನಿಗೆ ಅನ್ನಿಸಿದರೆ ಅದು ತಪ್ಪಲ್ಲ, ಸಾಬೀತುಪಡಿಸುವುದು ಕಷ್ಟವಾದರೂ.

ಆಂಡರ್ಸನ್ ಹೆಸರಿನ ಆಶ್ರಯ ಎಂದರೆ ಹಿತ್ತಿಲಿನಲ್ಲಿ ಗುಂಡಿ ತೋಡಿ ನಿಲ್ಲಿಸಿ, ಮೇಲೆ ಮಣ್ಣು ಮುಚ್ಚುವ ತಗಡಿನ ಗೂಡು. ಯುದ್ಧ ಆರಂಭವಾಗುವ ಹೊತ್ತಿಗೆ ಸುಮಾರು 15 ಲಕ್ಷ ಗೂಡುಗಳನ್ನು ಹಂಚಲಾಗಿತ್ತು, ಬಡವರಿಗೆ ಉಚಿತವಾಗಿಯೇ. ಅದು ಕೆಟ್ಟ ವಿನ್ಯಾಸವೂ ಆಗಿರಲಿಲ್ಲ. ತೊಂದರೆ ಇದ್ದದ್ದು ಒಂದೇ: ಹಡಗುಕಟ್ಟೆಗಳ ಸುತ್ತ, ಬಾಂಬು ಮೊದಲು ಬೀಳುವುದು ಖಚಿತವಿದ್ದ ಪೂರ್ವ ಲಂಡನ್ನಿನ ಎಷ್ಟೋ ಕೂಲಿಕಾರರ ಮನೆಗಳಿಗೆ ಹಿತ್ತಿಲೇ ಇರಲಿಲ್ಲ.

ಸೆಪ್ಟೆಂಬರ್ 7ರ ಶನಿವಾರ ಮಧ್ಯಾಹ್ನ ಹಡಗುಕಟ್ಟೆಗಳಿಗೆ ಬೆಂಕಿ ಬಿತ್ತು. ಅಲ್ಲಿಂದ ಮುಂದಿನ 57 ರಾತ್ರಿಗಳಲ್ಲಿ 56 ರಾತ್ರಿ ನಗರದ ಮೇಲೆ ದಾಳಿ ನಡೆಯಿತು. ಸುರಂಗ ರೈಲು ನಿಲ್ದಾಣಗಳನ್ನು ಆಶ್ರಯಕ್ಕೆ ಬಳಸಕೂಡದೆಂದು ಸರ್ಕಾರ ಮೊದಲೇ ಕಟ್ಟಪ್ಪಣೆ ಮಾಡಿತ್ತು. ಜನ ಅದಕ್ಕೆ ಸರಳವಾದ ಉಪಾಯ ಕಂಡುಕೊಂಡರು. ಅತಿ ಕಡಿಮೆ ದರದ ಟಿಕೆಟ್ ಕೊಂಡು, ಹಾಸಿಗೆ ಸುರುಳಿ ಮತ್ತು ಮಕ್ಕಳ ಸಮೇತ ಕೆಳಗಿಳಿದು, ಬೆಳಗಿನವರೆಗೆ ಮೇಲೆ ಬರಲಿಲ್ಲ. ಕೆಲವೆಡೆ ಬಾಗಿಲು ಮುಚ್ಚಿದಾಗ ತಳ್ಳಿಕೊಂಡೇ ಒಳಗೆ ಹೋದರು. ಸೆಪ್ಟೆಂಬರ್ ಕೊನೆಯ ವಾರದಲ್ಲಿ ಒಂದೇ ರಾತ್ರಿ ಅಲ್ಲಿ ಮಲಗಿದ್ದವರ ಸಂಖ್ಯೆ 1 ಲಕ್ಷ 77 ಸಾವಿರ. ಅಷ್ಟು ಜನರನ್ನು ಪೊಲೀಸರಿಂದ ಎಬ್ಬಿಸುವುದು ಆಗದ ಮಾತು. ನಿಷೇಧ ಘೋಷಣೆಯಿಲ್ಲದೆ ಸತ್ತುಹೋಯಿತು.

ಮೊದಲ ವಾರಗಳು ಅಸಹ್ಯವಾಗಿಯೇ ಇದ್ದವು. ಪರದೆಯ ಹಿಂದಿನ ಬಕೆಟ್‌ಗಳೇ ಶೌಚಾಲಯ, ಮೆಟ್ಟಿಲುಗಳ ಮೇಲೂ ಮಲಗಿದವರು, ಸೊಳ್ಳೆ, ಹೇನು, ಜಾಗಕ್ಕಾಗಿ ಜಗಳ. ಆದರೆ ಅದೇ ವಾರಗಳಲ್ಲಿ ಕಟ್ಟುಪಾಡುಗಳೂ ರೂಪುಗೊಂಡವು. ಪ್ಲಾಟ್‌ಫಾರ್ಮಿನ ಉದ್ದಕ್ಕೂ ಎರಡು ಬಿಳಿ ಗೆರೆಗಳನ್ನು ಎಳೆಯಲಾಗಿತ್ತು, ಒಂದು ಅಂಚಿನಿಂದ ಎಂಟು ಅಡಿ ದೂರಕ್ಕೆ, ಇನ್ನೊಂದು ನಾಲ್ಕು ಅಡಿಗೆ. ಸಂಜೆ ಏಳೂವರೆಯವರೆಗೆ ಎಂಟಡಿಯ ಗೆರೆಯಾಚೆ ಹಾಸಿಗೆ ಬಿಚ್ಚುವಂತಿಲ್ಲ, ಏಕೆಂದರೆ ಕಚೇರಿಯಿಂದ ಮನೆಗೆ ಹೋಗುವವರಿಗೆ ದಾರಿ ಬೇಕು; ಆಮೇಲೆ ನಾಲ್ಕಡಿಯ ಗೆರೆಯವರೆಗೆ ಬರಬಹುದು; ರಾತ್ರಿ ರೈಲುಗಳು ನಿಂತ ಮೇಲೆ ಇಡೀ ಪ್ಲಾಟ್‌ಫಾರ್ಮು ಮಲಗುವವರದು. ನಿಲ್ದಾಣಗಳಲ್ಲಿ ಮಲಗುವವರು ತಮ್ಮೊಳಗೇ ಸಮಿತಿಗಳನ್ನು ಆರಿಸಿಕೊಂಡರು, ಸ್ವಿಸ್ ಕಾಟೇಜ್ ನಿಲ್ದಾಣದವರು ತಮ್ಮದೇ ಸುದ್ದಿಪತ್ರ ಹೊರಡಿಸಿದರು. ಒಂದರ ಮೇಲೊಂದು ಜೋಡಿಸಿದ ಮಂಚಗಳು, ಶೌಚಾಲಯ, ತಿಂಡಿ ಮತ್ತು ಚಹಾ ತರುವ ವಿಶೇಷ ರೈಲುಗಳು ಆಮೇಲೆ ಬಂದವು. ಒಂದು ಮಾತು ಇಲ್ಲಿ ಹೇಳಲೇಬೇಕು: ಆ ನವೆಂಬರ್‌ನ ಗಣತಿಯಂತೆ ಸುರಂಗ ನಿಲ್ದಾಣಗಳಲ್ಲಿ ಮಲಗುತ್ತಿದ್ದವರು ಲಂಡನ್ ಜನರಲ್ಲಿ ಶೇ. 4 ಮಾತ್ರ. ಹೆಚ್ಚಿನವರು ತಮ್ಮ ಮನೆಗಳಲ್ಲೇ ಇದ್ದರು. ಛಾಯಾಚಿತ್ರಗಳಿಂದಾಗಿ ನಮ್ಮ ನೆನಪಿನಲ್ಲಿ ಉಳಿದದ್ದು ಆ ಶೇ. 4 ಜನ.

ಈ ಪ್ರಶ್ನೆಗೆ ಒಬ್ಬ ವ್ಯಕ್ತಿಯ ಮೂಲಕ ಉತ್ತರಿಸು ಎಂದರೆ ನಾನು ಚರ್ಚಿಲ್ ಅವರನ್ನು ಆರಿಸುವುದಿಲ್ಲ, ಮಿಕಿ ಡೇವಿಸ್ ಅವರನ್ನು ಆರಿಸುತ್ತೇನೆ. ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ಕನ್ನಡಕ ಮಾಡಿಕೊಡುತ್ತಿದ್ದ ಈ ಮನುಷ್ಯನ ಎತ್ತರ ಮೂರೂಕಾಲು ಅಡಿ. ಅಲ್ಲಿನ ಹಣ್ಣಿನ ಸಗಟು ಮಾರುಕಟ್ಟೆಯ ನೆಲಮಾಳಿಗೆಗೆ ದಾಳಿಯ ಮೊದಲ ರಾತ್ರಿಗಳಲ್ಲಿ ಸಾವಿರಾರು ಜನ ನುಗ್ಗಿದರು. ಬೆಳಕಿಲ್ಲ, ನೀರಿಲ್ಲ, ನೆಲವೆಲ್ಲ ಹೊಲಸು. ಮಿಕಿ ಯಾರ ನೇಮಕಕ್ಕೂ ಕಾಯಲಿಲ್ಲ. ಮಲಗುವವರನ್ನೇ ಸೇರಿಸಿ ಸಮಿತಿ ಮಾಡಿದರು, ಗುಡಿಸುವ ಸರದಿ ಹಚ್ಚಿದರು, ವೈದ್ಯರನ್ನು ಒಪ್ಪಿಸಿ ಕರೆತಂದರು, ಪ್ರಥಮ ಚಿಕಿತ್ಸೆಗೆ ಒಂದು ಮೂಲೆ ಮಾಡಿಸಿದರು. ಮಾರ್ಕ್ಸ್ ಆ್ಯಂಡ್ ಸ್ಪೆನ್ಸರ್ ಸಂಸ್ಥೆ ಅಲ್ಲಿ ಕ್ಯಾಂಟೀನ್ ತೆರೆಯುವಂತಾಯಿತು, ಅದರ ಲಾಭದಲ್ಲಿ ಮಕ್ಕಳಿಗೆ ಉಚಿತವಾಗಿ ಹಾಲು ಕೊಡುವ ಏರ್ಪಾಡಾಯಿತು. ಮುಂದೆ ಸರ್ಕಾರ ಅಧಿಕೃತ ಮೇಲ್ವಿಚಾರಕರನ್ನು ನೇಮಿಸುವ ಹೊತ್ತು ಬಂದಾಗ, ನಮಗೆ ಮಿಕಿಯೇ ಬೇಕೆಂದು ಅಲ್ಲಿನವರು ಪಟ್ಟು ಹಿಡಿದು ಗೆದ್ದರು. 1941ರ ಆರಂಭದಲ್ಲಿ ಅಮೆರಿಕದ ರಾಜಕಾರಣಿ ವೆಂಡೆಲ್ ವಿಲ್ಕಿ ಬಂದಾಗ ಅವರನ್ನು ಹೆಮ್ಮೆಯಿಂದ ಈ ನೆಲಮಾಳಿಗೆಗೆ ಕರೆದೊಯ್ಯಲಾಯಿತು. ಬೇಡವೆಂದು ತಡೆದದ್ದನ್ನೇ ಆಮೇಲೆ ಪ್ರದರ್ಶನಕ್ಕೆ ಇಡುವುದು ಎಲ್ಲ ಸರ್ಕಾರಗಳಿಗೂ ಒಲಿದ ಕಲೆ.

ಮಿಕಿಯಂಥವರು ನೂರಾರು ಕಡೆ ಇದ್ದರು. ವಾಯುದಾಳಿಯ ವೇಳೆ ಬೀದಿಯ ಹೊಣೆ ಹೊತ್ತಿದ್ದ ವಾರ್ಡನ್‌ಗಳಲ್ಲಿ ಬಹುಪಾಲು ಸಂಬಳವಿಲ್ಲದ ಸ್ವಯಂಸೇವಕರು. ಯಾವ ಮನೆಯಲ್ಲಿ ಯಾರು, ಯಾವ ಕೋಣೆಯಲ್ಲಿ ಮಲಗುತ್ತಾರೆ ಎಂಬುದನ್ನು ಬರೆದಿಟ್ಟುಕೊಂಡಿರುವುದು ಅವರ ಕೆಲಸಗಳಲ್ಲೊಂದು, ಏಕೆಂದರೆ ಮನೆ ಕುಸಿದಾಗ ರಕ್ಷಣಾ ತಂಡ ಎಲ್ಲಿ ಅಗೆಯಬೇಕೆಂಬುದು ಆ ಪಟ್ಟಿಯಿಂದಲೇ ತಿಳಿಯಬೇಕಿತ್ತು. ಮುಂದೆ ನಮ್ಮ ರಕ್ಷಣಾ ಮಂತ್ರಿಯಾದ ವಿ.ಕೆ. ಕೃಷ್ಣ ಮೆನನ್, ಆಗ ಸೇಂಟ್ ಪ್ಯಾಂಕ್ರಸ್‌ನ ಕೌನ್ಸಿಲರ್, ಇಂಥ ವಾರ್ಡನ್ ಆಗಿ ದುಡಿದವರು. ಲೇಡಿ ರೀಡಿಂಗ್ 1938ರಲ್ಲಿ ಕಟ್ಟಿದ ಮಹಿಳಾ ಸ್ವಯಂಸೇವಾ ಸಂಘದ ಹೆಂಗಸರು ಬಟ್ಟೆ, ಚಹಾ, ಊಟ ಎಲ್ಲವನ್ನೂ ಹೊತ್ತು ಓಡಾಡಿದರು.

ಹಾಗಾದರೆ ಸರ್ಕಾರ ಎಡವಿದ್ದು ಎಲ್ಲಿ? ಸತ್ತವರಿಗಾಗಿ ಅದು ತಯಾರಿ ಮಾಡಿಕೊಂಡಿತ್ತು, ಮನೆ ಕಳೆದುಕೊಂಡು ಬದುಕಿ ಉಳಿದವರಿಗಾಗಿ ಅಲ್ಲ. ಅಂಥವರಿಗೆಂದು ತೆರೆದಿದ್ದ ವಿಶ್ರಾಂತಿ ಕೇಂದ್ರಗಳಲ್ಲಿ ಬ್ರೆಡ್ಡು, ಡಬ್ಬಿಯ ಮಾಂಸ, ಚಹಾ, ಬೆರಳೆಣಿಕೆಯ ಕಂಬಳಿಗಳು ಇದ್ದವು. ಹೆಚ್ಚು ಸೌಕರ್ಯ ಕೊಟ್ಟರೆ ಜನ ಅಲ್ಲೇ ಬೇರೂರುತ್ತಾರೆ ಎಂಬ, ದಾನಶಾಲೆಯ ಕಾಲದ ಹಳೆಯ ಲೆಕ್ಕ ಅದರ ಹಿಂದಿತ್ತು. ಪಡಿತರ ಪುಸ್ತಕಕ್ಕೆ ಒಂದು ಕಚೇರಿ, ಬಟ್ಟೆಗೆ ಇನ್ನೊಂದು, ಹಣಕ್ಕೆ ಮತ್ತೊಂದು, ಬೇರೆ ಮನೆಗೆ ಮಗದೊಂದು; ರಾತ್ರಿ ನಿದ್ದೆಗೆಟ್ಟವರು ಹಗಲೆಲ್ಲ ಊರು ಸುತ್ತಬೇಕಿತ್ತು. ಕ್ಯಾನಿಂಗ್ ಟೌನಿನ ಸೌತ್ ಹಾಲ್ಸ್‌ವಿಲ್ ಶಾಲೆಯಲ್ಲಿ ನೂರಾರು ನಿರಾಶ್ರಿತರು ತಮ್ಮನ್ನು ಸಾಗಿಸಲು ಬರಬೇಕಿದ್ದ ಬಸ್ಸುಗಳಿಗಾಗಿ ದಿನಗಟ್ಟಲೆ ಕಾದರು. ಬಸ್ಸು ಬರುವ ಮೊದಲು, ಸೆಪ್ಟೆಂಬರ್ 10ರ ಬೆಳಗಿನ ಜಾವ, ಶಾಲೆಯ ಮೇಲೆ ಬಾಂಬು ಬಿತ್ತು. ಅಧಿಕೃತ ಲೆಕ್ಕದಲ್ಲಿ ಸತ್ತವರು 77. ಸತ್ತವರು ಅದಕ್ಕಿಂತ ಎಷ್ಟೋ ಹೆಚ್ಚು ಎಂದು ಆ ಊರಿನವರು ತಲೆಮಾರುಗಳ ಕಾಲ ನಂಬಿದ್ದರು. ಇದಾದ ನಾಲ್ಕು ದಿನಕ್ಕೆ ಪೂರ್ವ ಲಂಡನ್ನಿನ ಕಮ್ಯುನಿಸ್ಟ್ ಕೌನ್ಸಿಲರ್ ಫಿಲ್ ಪಿರಾಟಿನ್ ಹಲವಾರು ಗಂಡಸರು, ಹೆಂಗಸರು, ಮಕ್ಕಳನ್ನು ಕರೆದುಕೊಂಡು ಸವಾಯ್ ಹೋಟೆಲಿನ ಐಷಾರಾಮಿ ಆಶ್ರಯತಾಣಕ್ಕೇ ನುಗ್ಗಿದರು. ಹೋಟೆಲಿನ ಮಾಣಿಗಳು ಸಾಮಾನ್ಯ ಅಂಗಡಿಯ ದರಕ್ಕೇ, ಎರಡು ಪೆನ್ನಿಗೆ, ಚಹಾ ಕೊಟ್ಟರು. ಒಗ್ಗಟ್ಟಿನ ಕಥೆಗಳಲ್ಲಿ ಈ ಘಟನೆಯನ್ನು ಸಾಮಾನ್ಯವಾಗಿ ಸೇರಿಸುವುದಿಲ್ಲ. ನನ್ನ ದೃಷ್ಟಿಯಲ್ಲಿ ಇದೂ ಒಗ್ಗಟ್ಟೇ. ಬಾಂಬು ಎಲ್ಲರ ಮೇಲೂ ಬೀಳುವಾಗ ಆಶ್ರಯವೂ ಎಲ್ಲರದಾಗಬೇಕು ಎಂಬ ಬೇಡಿಕೆ ಅದು.

ಇಷ್ಟೆಲ್ಲ ಹೇಳಿದ ಮೇಲೆ ಚರ್ಚಿಲ್ ಅವರಿಗೆ ಸಲ್ಲಬೇಕಾದದ್ದನ್ನು ಸಲ್ಲಿಸಬೇಕು. ಸುರಂಗ ನಿಲ್ದಾಣಗಳನ್ನೇಕೆ ಬಳಸಬಾರದು ಎಂದು ಅವರೇ ಸೆಪ್ಟೆಂಬರ್‌ನಲ್ಲಿ ಮಂತ್ರಿಮಂಡಲದಲ್ಲಿ ಕೇಳಿದ್ದರು. ಅಕ್ಟೋಬರ್ ಆರಂಭದಲ್ಲಿ ಆಂಡರ್ಸನ್ ಅವರ ಜಾಗಕ್ಕೆ, ಲಂಡನ್ ಕೌಂಟಿ ಕೌನ್ಸಿಲನ್ನು ವರ್ಷಗಟ್ಟಲೆ ನಡೆಸಿ ನಗರದ ನಾಡಿ ಬಲ್ಲ ಲೇಬರ್ ನಾಯಕ ಹರ್ಬರ್ಟ್ ಮಾರಿಸನ್ ಅವರನ್ನು ತಂದರು. ಚರ್ಚಿಲ್ ಅವರ ನಾಯಕತ್ವದಲ್ಲಿ ನನಗೆ ಹೆಚ್ಚು ಬೆಲೆಯುಳ್ಳದ್ದೆನಿಸುವುದು ರಾಮ್ಸ್‌ಗೇಟ್ ಪ್ರಸಂಗ. 1940ರ ಆಗಸ್ಟ್ ಕೊನೆಗೆ ಆ ಕಡಲತೀರದ ಊರಿಗೆ ಅವರು ಹೋಗಿದ್ದಾಗ ದಾಳಿಯಾಯಿತು. ಸರ್ಕಾರಕ್ಕೆ ಮೊದಲು ಇಷ್ಟವಿಲ್ಲದಿದ್ದರೂ ಊರಿನ ಪುರಸಭೆ ಹಟ ಹಿಡಿದು ತೋಡಿಸಿದ್ದ ಸುರಂಗದಲ್ಲಿಯೇ ಪ್ರಧಾನಿಯೂ ಅಡಗಿದರು. ಹೊರಬಂದಾಗ ಒಂದು ಚಿಕ್ಕ ಹೋಟೆಲು ಪುಡಿಯಾಗಿತ್ತು, ಒಡೆದ ಪಿಂಗಾಣಿ ಮತ್ತು ಮುರಿದ ಪೀಠೋಪಕರಣಗಳ ನಡುವೆ ಅದರ ಮಾಲೀಕ, ಅವನ ಹೆಂಡತಿ, ಅಡುಗೆಯವರು ಅಳುತ್ತ ನಿಂತಿದ್ದರು. ವಾಪಸಾಗುವ ರೈಲಿನಲ್ಲೇ ಚರ್ಚಿಲ್ ಹಣಕಾಸು ಮಂತ್ರಿಗೆ ಪತ್ರ ಹೇಳಿ ಬರೆಸಿದರು: ಶತ್ರುವಿನ ದಾಳಿಯಿಂದಾದ ನಷ್ಟವನ್ನು ದೇಶವೇ ಭರಿಸಬೇಕು. ಅದರ ಫಲವಾಗಿ 1941ರ ಮಾರ್ಚ್‌ನಲ್ಲಿ ಯುದ್ಧಹಾನಿ ಪರಿಹಾರದ ಕಾನೂನು ಬಂತು. ಹೋಟೆಲಿನವನಿಗೆ ಧೈರ್ಯದ ಮಾತಿನ ಕೊರತೆ ಇರಲಿಲ್ಲ, ಅವನಿಗೆ ಬೇಕಿದ್ದದ್ದು ಇದು.

ಪಡಿತರವೂ ಇದೇ ಜಾತಿಯ ನಾಯಕತ್ವ. ಬೆಣ್ಣೆ, ಸಕ್ಕರೆ, ಬೇಕನ್‌ಗಳಿಗೆ 1940ರ ಜನವರಿಯಿಂದ ಪಡಿತರ ಬಂತು, ಅರಮನೆಗೂ ಪಡಿತರ ಪುಸ್ತಕ ಹೋಯಿತು. ಜನ ಗೊಣಗಿದರು, ಆದರೆ ಒಪ್ಪಿಕೊಂಡರು. ಹೋಟೆಲುಗಳಲ್ಲಿ ಉಣ್ಣುವ ಶ್ರೀಮಂತರು ಈ ಲೆಕ್ಕದಿಂದ ತಪ್ಪಿಸಿಕೊಳ್ಳುತ್ತಿದ್ದಾರೆ ಎಂಬ ಸಿಟ್ಟು ಏರಿದಾಗ, 1942ರಲ್ಲಿ ಊಟವೊಂದಕ್ಕೆ ಐದು ಶಿಲಿಂಗ್ ಮಿತಿ ಹಾಕಲಾಯಿತು. ಇದಕ್ಕೆ ಹೋಲಿಸಿದರೆ ಇಂದು ಕಪ್ಪುಗಳ ಮೇಲೆ, ಅಂಗಿಗಳ ಮೇಲೆ ಕಾಣುವ, ಶಾಂತವಾಗಿದ್ದು ಮುಂದುವರಿಯಿರಿ ಎನ್ನುವ ಪ್ರಸಿದ್ಧ ಭಿತ್ತಿಪತ್ರದ ಪಾತ್ರ ಸೊನ್ನೆ. 1939ರಲ್ಲಿ ಅದನ್ನು ಲಕ್ಷಗಟ್ಟಲೆ ಮುದ್ರಿಸಿದ್ದರೂ ಬಹುಪಾಲು ಗೋಡೆಗೆ ಏರಲೇ ಇಲ್ಲ, ರದ್ದಿಗೆ ಹೋಯಿತು. ಬಾಂಬು ದಾಳಿಯ ಲಂಡನ್ ಜನ ಅದನ್ನು ನೋಡಿ ಧೈರ್ಯ ತಂದುಕೊಂಡರು ಎನ್ನುವುದು 2000ದ ನಂತರ ಹಬ್ಬಿದ ಕಲ್ಪನೆ.

ಒಗ್ಗಟ್ಟು ಸಂಪೂರ್ಣವಾಗಿತ್ತೇ ಎಂದರೆ, ಇಲ್ಲ. ಬಿದ್ದ ಮನೆಗಳಲ್ಲಿ ಕಳ್ಳತನ ನಡೆಯಿತು, ಕಾಳಸಂತೆ ಬೆಳೆಯಿತು, ಯಹೂದಿಗಳ ಮೇಲೆ ಗಾಳಿಮಾತು ಹಬ್ಬಿತು. 1943ರ ಮಾರ್ಚ್ 3ರಂದು ಬೆತ್ನಲ್ ಗ್ರೀನ್ ನಿಲ್ದಾಣದ ಮೆಟ್ಟಿಲುಗಳ ಮೇಲೆ ಕತ್ತಲಲ್ಲಿ ಯಾರೋ ಎಡವಿ, ಮೇಲಿಂದ ಮೇಲೆ ಜನ ಬಿದ್ದು, 173 ಮಂದಿ ಉಸಿರುಗಟ್ಟಿ ಸತ್ತರು. ಅಂದು ಅಲ್ಲಿ ಒಂದು ಬಾಂಬೂ ಬಿದ್ದಿರಲಿಲ್ಲ. ಯಹೂದಿಗಳು ಗಾಬರಿಯಾಗಿ ನುಗ್ಗಿದ್ದೇ ಕಾರಣ ಎಂಬ ಪುಕಾರು ಹಬ್ಬಿತು, ಅದು ಸುಳ್ಳಾಗಿತ್ತು. ಆ ಬಾಗಿಲನ್ನು ಭದ್ರಪಡಿಸಲು ಹಣ ಕೊಡಿ ಎಂದು ಸ್ಥಳೀಯ ಆಡಳಿತ 1941ರಲ್ಲೇ ಕೇಳಿತ್ತು, ಮೇಲಿನವರು ನಿರಾಕರಿಸಿದ್ದರು. ವಿಚಾರಣೆಯ ವರದಿಯನ್ನು 1945ರವರೆಗೆ ಮುಚ್ಚಿಡಲಾಯಿತು. ವರದಿ ಹೊರಬಂದಿದ್ದರೆ ಪುಕಾರಿಗೆ ಅಷ್ಟು ಆಯುಷ್ಯ ಸಿಗುತ್ತಿರಲಿಲ್ಲ.

ಭಾರತೀಯ ಓದುಗರು ಈ ಪ್ರಶ್ನೆ ಕೇಳುವಾಗ ಅದೇ 1943ರ ಬಂಗಾಳವನ್ನು ಬದಿಗಿಡುವಂತಿಲ್ಲ. ಅದೇ ಯುದ್ಧ, ಅದೇ ಪ್ರಧಾನಿ. ಜಪಾನೀಯರ ಕೈಗೆ ಸಿಗಬಾರದೆಂದು 1942ರಲ್ಲಿ ಬಂಗಾಳದ ಕರಾವಳಿ ಜಿಲ್ಲೆಗಳ ದೋಣಿಗಳನ್ನೂ ಹೆಚ್ಚುವರಿ ಅಕ್ಕಿಯನ್ನೂ ಸರ್ಕಾರ ಕಿತ್ತುಕೊಂಡಿತು, ಬೆಲೆ ಗಗನಕ್ಕೇರಿತು, ಲಂಡನ್ನಿನಲ್ಲಿ ಅರಮನೆಗೂ ಅನ್ವಯವಾಗಿದ್ದ ಪಡಿತರದ ನ್ಯಾಯ ಇಲ್ಲಿಯ ಹಳ್ಳಿಗಳನ್ನು ತಲುಪಲಿಲ್ಲ. ಸತ್ತವರು 20ರಿಂದ 30 ಲಕ್ಷ. ಅಲ್ಲಿಯೂ ಗಂಜಿಕೇಂದ್ರ ತೆರೆದವರು, ಬೀದಿಯಲ್ಲಿ ಬಿದ್ದವರನ್ನು ಎತ್ತಿದವರು, ಚಂದಾ ಎತ್ತಿದವರು ಬಹಳ ಮಂದಿ ಇದ್ದರು. ಆದರೆ ಧಾನ್ಯದ ಹಡಗನ್ನು ತಿರುಗಿಸುವುದು ಬೀದಿಯ ಜನರ ಒಗ್ಗಟ್ಟಿನಿಂದ ಆಗುವ ಕೆಲಸವಲ್ಲ. ವೈಸರಾಯ್ ಲಿನ್‌ಲಿತ್‌ಗೊ ಕ್ಷಾಮದ ಕಲ್ಕತ್ತೆಗೆ ಒಮ್ಮೆಯೂ ಭೇಟಿ ಕೊಡಲಿಲ್ಲ. ಅವರ ನಂತರ ಬಂದ ವೇವೆಲ್ ಅಧಿಕಾರ ವಹಿಸಿಕೊಂಡ ಕೆಲವೇ ದಿನಗಳಲ್ಲಿ, ಅಕ್ಟೋಬರ್ ಕೊನೆಗೆ, ಅಲ್ಲಿಗೆ ಹೋಗಿ ಬೀದಿಗಳನ್ನು ಕಣ್ಣಾರೆ ನೋಡಿ, ಆಹಾರ ಸಾಗಿಸುವ ಕೆಲಸಕ್ಕೆ ಸೈನ್ಯವನ್ನು ಹಚ್ಚಿದರು. ಚರ್ಚಿಲ್ ರಾಮ್ಸ್‌ಗೇಟಿನ ಹೋಟೆಲಿನವನಿಗಾಗಿ ರೈಲಿನಲ್ಲೇ ಪತ್ರ ಬರೆಸಿದ್ದರು. ಬಂಗಾಳಕ್ಕೆ ಧಾನ್ಯ ಕಳಿಸಿ ಎಂಬ ವೇವೆಲ್ ಅವರ ತಂತಿಗಳ ಮೇಲೆ ತಂತಿಗಳಿಗೆ ಅದೇ ಚರ್ಚಿಲ್ ಅವರಿಂದ ಸಿಕ್ಕಿದ್ದು ಹೆಚ್ಚಾಗಿ ಹಡಗುಗಳಿಲ್ಲ ಎಂಬ ಉತ್ತರ.