ಸ್ಕ್ಯಾನರ್ ಟಿಪ್ಪಣಿ: ಫ್ರೀಕ್ವೆನ್ಸಿ ಸರಿಯಿದ್ದರೂ ಮಾತು ಅರ್ಧಕ್ಕೇ ತುಂಡಾಗುವುದೇಕೆ?

ಅಮೆರಿಕದಲ್ಲಿರುವ ನಮ್ಮವರು ಸ್ಕ್ಯಾನರ್, ಅಂದರೆ ಪೊಲೀಸ್, ಫೈರ್ ಇಲಾಖೆಗಳ ರೇಡಿಯೊ ಮಾತು ಕೇಳುವ ಯಂತ್ರ, ಕೊಂಡಾಗ ಎದುರಾಗುವ ಮೊದಲ ತೊಡಕು ಇದೇ. ಊರಿನ ಪೊಲೀಸ್ ಫ್ರೀಕ್ವೆನ್ಸಿಗಳ ಪಟ್ಟಿ ಹುಡುಕಿ ಒಂದೊಂದಾಗಿ ತುಂಬಿಸುತ್ತಾರೆ. ಪೊಲೀಸರ ಅರ್ಧ ಮಾತು ಕೇಳಿಸುತ್ತದೆ, ಅದರ ಬೆನ್ನಿಗೇ ಕಸದ ಲಾರಿಯವರ ಮಾತು, ಆಮೇಲೆ ಬರೀ ಗರ್ ಗರ್. ಯಂತ್ರ ಕೆಟ್ಟಿಲ್ಲ. ಅಲ್ಲಿ ನಡೆಯುತ್ತಿರುವುದು ಟ್ರಂಕಿಂಗ್.

ಮೊದಲು ಸುಲಭದ್ದನ್ನು ಮುಗಿಸೋಣ. ಹಳೆಯ ಪದ್ಧತಿಯಲ್ಲಿ ಒಂದು ಇಲಾಖೆಗೆ ಒಂದು ಫ್ರೀಕ್ವೆನ್ಸಿ. ಇದಕ್ಕೆ ಕನ್ವೆನ್ಷನಲ್ ಅನ್ನುತ್ತಾರೆ. ಸಣ್ಣ ಊರುಗಳ ಫೈರ್ ಇಲಾಖೆಗಳು ಇಂದಿಗೂ 150ರಿಂದ 174 ಅಥವಾ 450ರಿಂದ 470 ಮೆಗಾಹರ್ಟ್ಸ್ ನಡುವೆ ಹೀಗೇ ಮಾತಾಡುತ್ತವೆ. ಕೈಲಿರುವ ವಾಕಿಟಾಕಿಯ ಶಕ್ತಿ ಕಡಿಮೆ. ಅದಕ್ಕೇ ಗುಡ್ಡದ ಮೇಲಿನ ರಿಪೀಟರ್ ಒಂದು ಫ್ರೀಕ್ವೆನ್ಸಿಯಲ್ಲಿ ಕೇಳಿಸಿಕೊಂಡು ಇನ್ನೊಂದರಲ್ಲಿ ಜೋರಾಗಿ ಮರುಪ್ರಸಾರ ಮಾಡುತ್ತದೆ. ನಾವು ಹಾಕಬೇಕಾದದ್ದು ರಿಪೀಟರ್ ಹೊರಗೆ ಕಳಿಸುವ ಫ್ರೀಕ್ವೆನ್ಸಿ. ಪಕ್ಕದ ಕೌಂಟಿಯವರೂ (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು) ಅದೇ ಫ್ರೀಕ್ವೆನ್ಸಿ ಬಳಸುತ್ತಿದ್ದರೆ ಅವರ ಮಾತೂ ನುಗ್ಗುತ್ತದೆ. ಆಗ ಸಿಟಿಸಿಎಸ್ಎಸ್ ಟೋನ್ ಹಾಕಿಕೊಳ್ಳಿ. ಮಾತಿನ ಅಡಿಯಲ್ಲಿ ಸಣ್ಣಗೆ ಗುಂಯ್‌ಗುಡುವ ಆ ಟೋನ್ ಇದ್ದರೆ ಮಾತ್ರ ಸ್ಪೀಕರ್ ತೆರೆಯುತ್ತದೆ.

ಇನ್ನು ಟ್ರಂಕಿಂಗ್. ಇದರ ಮೇಲೆ ಸ್ವಲ್ಪ ಜಾಸ್ತಿ ಹೊತ್ತು ಕೂರಬೇಕು.

ಬ್ಯಾಂಕಿನ ಟೋಕನ್ ಪದ್ಧತಿ ನೆನಪಿಸಿಕೊಳ್ಳಿ. ನಿಮಗೆ ಅಂತಲೇ ಒಂದು ಕೌಂಟರ್ ಇರುವುದಿಲ್ಲ. ಬೋರ್ಡಿನಲ್ಲಿ ನಿಮ್ಮ ನಂಬರ್ ಬಂದಾಗ ಯಾವುದು ಖಾಲಿಯೋ ಅಲ್ಲಿಗೆ ಹೋಗುತ್ತೀರಿ. ಇಲ್ಲೂ ಹಾಗೆಯೇ. ಪೊಲೀಸ್, ಫೈರ್, ರಸ್ತೆ ದುರಸ್ತಿ, ಶಾಲಾ ಬಸ್ಸು ಎಲ್ಲರೂ ಸೇರಿ ಒಂದಷ್ಟು ಫ್ರೀಕ್ವೆನ್ಸಿಗಳನ್ನು ಹಂಚಿಕೊಳ್ಳುತ್ತಾರೆ. ಅದರಲ್ಲಿ ಒಂದು ಕಂಟ್ರೋಲ್ ಚಾನೆಲ್. ಅದರಲ್ಲಿ ಮಾತು ಬರುವುದಿಲ್ಲ, ಬರೀ ಡೇಟಾ. ಅಧಿಕಾರಿಯೊಬ್ಬರು ಬಟನ್ ಒತ್ತಿದ ಕೂಡಲೇ ಅವರ ರೇಡಿಯೊ ‘ಮಾತಾಡಲು ಒಂದು ಚಾನೆಲ್ ಕೊಡಿ’ ಅಂತ ಕೇಳುತ್ತದೆ. ಸಿಸ್ಟಮ್ಮಿನ ಕಂಪ್ಯೂಟರ್ ಖಾಲಿ ಇರುವ ಒಂದನ್ನು ಕೊಟ್ಟು, ‘ಈ ಟಾಕ್‌ಗ್ರೂಪಿನವರೆಲ್ಲ ಅಲ್ಲಿಗೆ ಹೋಗಿ’ ಅಂತ ಕಂಟ್ರೋಲ್ ಚಾನೆಲ್‌ನಲ್ಲಿ ಸಾರುತ್ತದೆ. ಟಾಕ್‌ಗ್ರೂಪ್ ಅಂದರೆ ಒಟ್ಟಿಗೆ ಮಾತಾಡುವ ರೇಡಿಯೊಗಳ ಗುಂಪು, ಅದಕ್ಕೊಂದು ನಂಬರ್ ಇರುತ್ತದೆ. ಆ ಗುಂಪಿನ ರೇಡಿಯೊಗಳೆಲ್ಲ ಕ್ಷಣದಲ್ಲಿ ಅಲ್ಲಿಗೆ ಹಾರುತ್ತವೆ. ಅವರ ಮುಂದಿನ ಮಾತು ಬೇರೊಂದು ಫ್ರೀಕ್ವೆನ್ಸಿಯಲ್ಲಿ ಬರಬಹುದು.

ಅಂದರೆ ಹಿಂಬಾಲಿಸಬೇಕಾದದ್ದು ಫ್ರೀಕ್ವೆನ್ಸಿಯನ್ನಲ್ಲ, ಟಾಕ್‌ಗ್ರೂಪ್ ನಂಬರನ್ನು. ಟ್ರಂಕಿಂಗ್ ಬಲ್ಲ ಸ್ಕ್ಯಾನರ್ ಕಂಟ್ರೋಲ್ ಚಾನೆಲ್ ಓದುತ್ತಾ, ನೀವು ಹೇಳಿದ ನಂಬರ್ ಕಂಡಾಗ ತಾನೂ ಅದರ ಹಿಂದೆ ಜಿಗಿಯುತ್ತದೆ. ಯುನಿಡೆನ್ ಬಿಸಿ125ಎಟಿ ತರದ ಯಂತ್ರಕ್ಕೆ ಇದು ಬರುವುದಿಲ್ಲ. ಅದು ಅನಲಾಗ್, ಕನ್ವೆನ್ಷನಲ್‌ಗೆ ಮಾತ್ರ. ಬೆಲೆ ಕಮ್ಮಿ ಅಂತ ಸುಮ್ನೆ ಕೊಳ್ಳಬೇಡಿ. ನಿಮ್ಮ ಕೌಂಟಿ ಯಾವ ಸಿಸ್ಟಮ್ ಬಳಸುತ್ತದೆ ಅಂತ ಮೊದಲು ನೋಡಿ.

ಈಗ ಹೆಚ್ಚಿನ ಕಡೆ ಸಿಗುವುದು ಪಿ25 ಅನ್ನುವ ಡಿಜಿಟಲ್ ಮಾನದಂಡ. ಇದರಲ್ಲಿ ಎರಡು ಹಂತ. ಮೊದಲ ಹಂತದಲ್ಲಿ 12.5 ಕಿಲೋಹರ್ಟ್ಸ್ ಅಗಲದ ಚಾನೆಲ್‌ನಲ್ಲಿ ಒಂದು ಸಂಭಾಷಣೆ. ಎರಡನೆಯದರಲ್ಲಿ ಅದೇ ಅಗಲದಲ್ಲಿ ಸಮಯವನ್ನು ತುಂಡು ಮಾಡಿ ಎರಡು ಸಂಭಾಷಣೆ. ಮೊದಲ ಹಂತದ ಸ್ಕ್ಯಾನರಿಗೆ ಎರಡನೆಯದು ಅರ್ಥವಾಗುವುದಿಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇದನ್ನು ಕೇಳಿಯೇ ದುಡ್ಡು ಕೊಡಿ.

ಕಂಪ್ಯೂಟರ್ ಇದ್ದರೆ ಅಗ್ಗದ ದಾರಿಯೂ ಇದೆ. ಟಿವಿ ನೋಡಲು ಮಾಡಿದ ಆರ್‌ಟಿಎಲ್2832ಯು ಚಿಪ್ಪಿನ ಯುಎಸ್‌ಬಿ ಡಾಂಗಲ್, ಜೊತೆಗೆ ಎಸ್‌ಡಿಆರ್‌ಟ್ರಂಕ್ ತರದ ಉಚಿತ ತಂತ್ರಾಂಶ. ಒಂದು ಡಾಂಗಲ್ ಒಮ್ಮೆಗೆ ಸುಮಾರು 2.4 ಮೆಗಾಹರ್ಟ್ಸ್ ಅಗಲವನ್ನಷ್ಟೇ ನೋಡಬಲ್ಲದು. ಸಿಸ್ಟಮ್ಮಿನ ಚಾನೆಲ್‌ಗಳು ಅದಕ್ಕಿಂತ ದೂರ ದೂರ ಇದ್ದರೆ ಎರಡು ಬೇಕು. ಕಲಿಯುವವರಿಗೆ ನನ್ನ ಓಟು ಇದಕ್ಕೇ. ಕಂಟ್ರೋಲ್ ಚಾನೆಲ್ ಹೇಳುವುದೆಲ್ಲ ಪರದೆಯ ಮೇಲೆ ಸಾಲುಸಾಲಾಗಿ ಕಾಣುತ್ತದೆ.

ಇನ್ನೊಂದು ತಲೆನೋವು ಸೈಮಲ್‌ಕಾಸ್ಟ್. ಹಲವು ಟವರ್‌ಗಳು ಒಂದೇ ಮಾತನ್ನು ಒಂದೇ ಫ್ರೀಕ್ವೆನ್ಸಿಯಲ್ಲಿ ಒಟ್ಟಿಗೆ ಕಳಿಸುತ್ತವೆ. ಎರಡು ಟವರ್‌ಗಳ ಸಿಗ್ನಲ್ ಒಂಚೂರು ಹಿಂದುಮುಂದಾಗಿ ತಲುಪಿದರೆ ಡಿಜಿಟಲ್ ಬಿಟ್‌ಗಳು ಕಲಸುಮೇಲೋಗರ. ಸಿಗ್ನಲ್ ಕಡ್ಡಿಗಳು ಪೂರ್ತಿ ಇರುತ್ತವೆ, ಮಾತು ಮಾತ್ರ ಒಡೆದು ಬರುತ್ತದೆ. ಇಲ್ಲಿ ಎತ್ತರದ ಆಂಟೆನಾ ಹಾಕಿದರೆ ಕಾಟ ಇನ್ನೂ ಹೆಚ್ಚಬಹುದು, ಯಾಕೆಂದರೆ ಇನ್ನಷ್ಟು ಟವರ್‌ಗಳು ಕಿವಿಗೆ ಬೀಳುತ್ತವೆ. ಮನೆಯ ಒಂದು ಮೂಲೆಗೆ ಸರಿಸಿ, ಇಲ್ಲವೇ ಒಂದೇ ದಿಕ್ಕಿಗೆ ಮುಖ ಮಾಡುವ ಆಂಟೆನಾ ಹಾಕಿ, ಒಂದು ಟವರ್ ಮಾತ್ರ ಮೇಲುಗೈ ಆಗುವಂತೆ ನೋಡಿ. ಯುನಿಡೆನ್ ಎಸ್‌ಡಿಎಸ್100 ಈ ತೊಂದರೆಯನ್ನು ಗಮನದಲ್ಲಿಟ್ಟುಕೊಂಡೇ ಮಾಡಿದ ಯಂತ್ರ.

ಎನ್‌ಕ್ರಿಪ್ಷನ್‌ಗೆ ಮಾತ್ರ ಯಾವ ಮದ್ದೂ ಇಲ್ಲ. ಮಾತನ್ನು ಗೂಢಲಿಪಿಯಾಗಿಸುವ ಎಇಎಸ್-256 ಬೀಗ ಹಾಕಿದ ಟಾಕ್‌ಗ್ರೂಪನ್ನು ಯಾವ ಸ್ಕ್ಯಾನರೂ ತೆರೆಯುವುದಿಲ್ಲ. ಡೆನ್ವರ್ ಪೊಲೀಸರು 2019ರಲ್ಲಿ ಬೀಗ ಹಾಕಿದರು. ನ್ಯೂಯಾರ್ಕ್ ನಗರದ ಪೊಲೀಸರು 2023ರಲ್ಲಿ ಬ್ರೂಕ್ಲಿನ್‌ನಿಂದ ಶುರು ಮಾಡಿದರು. ಸಂತ್ರಸ್ತರ ಹೆಸರು, ವಿಳಾಸ ಗಾಳಿಯಲ್ಲಿ ಹೋಗಬಾರದು ಅನ್ನುವ ಮಾತಿನಲ್ಲಿ ನ್ಯಾಯವಿದೆ. ಆದರೆ ಪತ್ರಕರ್ತರ ಕಿವಿಯನ್ನೂ ಅದೇ ಜೊತೆಯಲ್ಲಿ ಮುಚ್ಚಿದಂತಾಯಿತು, ಅಲ್ವಾ?

ಹಾಗಾಗಿ ಕಲಿಕೆ ಶುರು ಮಾಡುವುದಾದರೆ ಫೈರ್‌ನಿಂದ ಮಾಡಿ. ಅದು ಬಹಳ ಕಡೆ ಇನ್ನೂ ತೆರೆದೇ ಇದೆ, ಮಾತಿಗೂ ಒಂದು ಕ್ರಮ ಇದೆ. ಮೊದಲು ಎರಡು ಉದ್ದನೆಯ ಟೋನ್ ಬರುತ್ತವೆ. ಒಂದೊಂದು ಠಾಣೆಗೆ ಒಂದೊಂದು ಜೋಡಿ. ಸ್ವಯಂಸೇವಕರ ಪೇಜರ್‌ಗಳು ತಮ್ಮ ಜೋಡಿಗೆ ಮಾತ್ರ ಎಚ್ಚರಗೊಳ್ಳುತ್ತವೆ. ಆಮೇಲೆ ವಿಳಾಸ. ಮೊದಲು ತಲುಪಿದ ಗಾಡಿಯವರು ಕಂಡದ್ದನ್ನು ಹೇಳುತ್ತಾರೆ: ಎಷ್ಟು ಮಹಡಿ, ಹೊಗೆಯೋ ಬೆಂಕಿಯೋ, ಯಾವ ಬದಿ. ಇದಕ್ಕೆ ಸೈಜ್‌ಅಪ್ ಅನ್ನುತ್ತಾರೆ. ನಡುನಡುವೆ ಪಾರ್ ಅಂತ ಕೇಳಿಸಿದರೆ ಅದು ಒಳಗಿರುವ ಸಿಬ್ಬಂದಿಯ ಹಾಜರಿ. ಮೇಡೇ ಕೇಳಿಸಿದರೆ ಅಗ್ನಿಶಾಮಕ ಸಿಬ್ಬಂದಿಯೇ ಅಪಾಯದಲ್ಲಿದ್ದಾರೆ ಅಂತ ಅರ್ಥ. ಪೊಲೀಸರ 10-4 (‘ಸರಿ, ಕೇಳಿಸಿತು’) ತರದ ಕೋಡ್‌ಗಳು ಇಲಾಖೆಯಿಂದ ಇಲಾಖೆಗೆ ಬದಲಾಗುತ್ತವೆ, ಬಾಯಿಪಾಠ ಮಾಡುವ ಮೊದಲು ನಿಮ್ಮೂರಿನ ಪಟ್ಟಿ ಹುಡುಕಿ.

ಕಾನೂನಿನ ಮಾತು. ಸಾರ್ವಜನಿಕರಿಗೆ ಸುಲಭವಾಗಿ ಸಿಗುವ ಪೊಲೀಸ್, ಫೈರ್ ರೇಡಿಯೊ ಕೇಳಲು 1986ರ ಫೆಡರಲ್ ಕಾಯ್ದೆ ಅವಕಾಶ ಕೊಡುತ್ತದೆ. ಮೊಬೈಲ್ ಫೋನ್ ಕದ್ದು ಕೇಳಲು ಅವಕಾಶವಿಲ್ಲ. ಕಾರಿನಲ್ಲಿ ಇಟ್ಟುಕೊಳ್ಳುವ ವಿಷಯ ಬೇರೆ: ನ್ಯೂಯಾರ್ಕ್, ಫ್ಲಾರಿಡಾ ಮುಂತಾದ ರಾಜ್ಯಗಳಲ್ಲಿ ನಿರ್ಬಂಧವಿದೆ, ಹ್ಯಾಮ್ (ಹವ್ಯಾಸಿ ರೇಡಿಯೊ) ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ. ಇದೆಲ್ಲ ಭಾರತಕ್ಕೆ ಅನ್ವಯಿಸುವುದಿಲ್ಲ. ಇಲ್ಲಿ ಪೊಲೀಸ್ ವೈರ್‌ಲೆಸ್ ಕದ್ದು ಕೇಳುವ ಗೋಜಿಗೆ ಹೋಗಬೇಡಿ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಕೂತು ರಿಪೀಟರ್, ಟೋನ್, ಸ್ಕ್ವೆಲ್ಚ್ (ಸಿಗ್ನಲ್ ಇಲ್ಲದಾಗ ಗರ್ ಗರ್ ಸದ್ದನ್ನು ಮುಚ್ಚುವ ವ್ಯವಸ್ಥೆ) ಕಲಿಯಬೇಕೆಂದರೆ ಹ್ಯಾಮ್ ಪರೀಕ್ಷೆ ಬರೆದು ಲೈಸೆನ್ಸ್ ಪಡೆಯಿರಿ. 144ರಿಂದ 146 ಮೆಗಾಹರ್ಟ್ಸ್‌ನಲ್ಲಿ ಆಗ ಕೇಳುವುದಷ್ಟೇ ಅಲ್ಲ, ಮಾತಾಡಲೂಬಹುದು.