ಇಸವಿ ಹೇಳದ ನೆನಪುಗಳು: ಶಿವಮೊಗ್ಗದ ಮೌಖಿಕ ಇತಿಹಾಸ ಓದೋದು ಹೇಗೆ

ಮೌಖಿಕ ಇತಿಹಾಸ ಅಂದ್ರೆ ಹಿರಿಯರು ಹೇಳಿದ್ದನ್ನ ಮೊಬೈಲಲ್ಲಿ ರೆಕಾರ್ಡ್ ಮಾಡಿ ಟೈಪ್ ಮಾಡೋದು ಅಷ್ಟೇ ಅಂತ ಸುಮಾರು ಜನ ಅಂದ್ಕೊಂಡಿರ್ತಾರೆ, ಆದ್ರೆ ಅಸಲಿ ಕೆಲಸ ಶುರುವಾಗೋದೇ ಆಮೇಲೆ. ದೊಡ್ಡ ತಲೆನೋವು ಇಸವಿದು. ನಮ್ಮ ಕಡೆ ಯಾರೂ ಇಸವಿ ಹೇಳಲ್ಲ, "ತಾಳಗುಪ್ಪಕ್ಕೆ ರೈಲ್ ಬಸ್ ಓಡ್ತಿತ್ತಲ್ಲ, ಆಗ" ಅಂತಾರೆ, "ಮುಳುಗಡೆ ಆದ್ಮೇಲೆ (ಅಂದ್ರೆ ಅಣೆಕಟ್ಟಿನ ನೀರಲ್ಲಿ ಊರು ಮುಳುಗಿದ್ಮೇಲೆ) ಇಲ್ಲಿಗೆ ಬಂದ್ವಿ" ಅಂತಾರೆ. ಹಾಗಾಗಿ ತಾರೀಖು ಗ್ಯಾರಂಟಿ ಇರೋ ಕೆಲವು ಗೂಟ ನೀವೇ ನೆಟ್ಕೊಂಡಿರ್ಬೇಕು: ಲಿಂಗನಮಕ್ಕಿ ಅಣೆಕಟ್ಟು 1964, ಶಿಮೊಗ ಅನ್ನೋದು ಅಧಿಕೃತವಾಗಿ ಶಿವಮೊಗ್ಗ ಆಗಿದ್ದು 2014ರ ನವೆಂಬರ್ 1, ಶಿವಮೊಗ್ಗದ ಸೋಗಾನೆ ಏರ್‌ಪೋರ್ಟ್ ಉದ್ಘಾಟನೆ ಆಗಿದ್ದು 2023ರ ಫೆಬ್ರವರಿ.

ಅದ್ರಲ್ಲೂ ಮುಳುಗಡೆ ಅಂದ ತಕ್ಷಣ 1964 ಅಂತ ಬರ್ಕೋಬೇಡಿ. ಅದಕ್ಕೂ ಮೊದ್ಲೇ ಶರಾವತಿಗೆ ಮಡೆನೂರಲ್ಲಿ ಹಿರೇಭಾಸ್ಕರ ಅಣೆಕಟ್ಟು ಕಟ್ಟಿದ್ರು, ಲಿಂಗನಮಕ್ಕಿ ನೀರು ನಿಂತ್ಮೇಲೆ ಆ ಅಣೆಕಟ್ಟೇ ಮುಳುಗೋಯ್ತು, ಬೇಸಿಗೇಲಿ ನೀರು ತುಂಬಾ ಇಳಿದ್ರೆ ಈಗ್ಲೂ ಕಾಣತ್ತೆ. ಅಂದ್ರೆ ಮುಳುಗಡೆ ಎರಡು. "ಅಜ್ಜಿ, ಆಗ ಮಡೆನೂರು ಡ್ಯಾಮ್ ಮೇಲಿತ್ತಾ, ಮುಳುಗಿತ್ತಾ?" ಅಂತ ಒಂದು ಮಾತು ಕೇಳಿದ್ರೆ ಎಷ್ಟೋ ಗೊಂದಲ ಅಲ್ಲೇ ಬಗೆಹರಿಯತ್ತೆ.

ಇನ್ನು ನೀವು ಇದನ್ನ ಕೋರ್ಸಲ್ಲಿ ಓದ್ತಿದ್ದು, ಪರೀಕ್ಷೇಲಿ "ನೆನಪು ತಪ್ಪಾದ್ರೆ ಅದು ಆಧಾರ ಆಗತ್ತಾ" ಅಂತ ಕೇಳಿದ್ರೆ ತೆರ್ನಿ ಉದಾಹರಣೆ ಕೊಡಿ. ಇಟಲಿಯ ಉಕ್ಕಿನ ಕಾರ್ಖಾನೆ ಊರದು, ನಮ್ಮ ಭದ್ರಾವತಿ ಥರ ಅಂದ್ಕೊಳ್ಳಿ. ಲುಯಿಜಿ ತ್ರಾಸ್ತುಲ್ಲಿ ಅನ್ನೋ ಯುವ ಕಾರ್ಮಿಕ 1949ರಲ್ಲಿ ನ್ಯಾಟೋ ವಿರುದ್ಧದ ಪ್ರತಿಭಟನೇಲಿ ಪೊಲೀಸರ ಕೈಲಿ ಸತ್ತ. ಎಷ್ಟೋ ವರ್ಷ ಆದ್ಮೇಲೆ ಮೌಖಿಕ ಇತಿಹಾಸದ ವಿದ್ವಾಂಸ ಅಲೆಸ್ಸಾಂದ್ರೊ ಪೊರ್ತೆಲ್ಲಿ ಅಲ್ಲಿನವರನ್ನ ಮಾತಾಡಿಸಿದ್ರೆ ಬಹಳ ಜನ ಅವನು ಸತ್ತಿದ್ದು 1953ರಲ್ಲಿ, ಕಾರ್ಖಾನೆಯೋರು ಸಾವಿರಾರು ಜನರನ್ನ ಕೆಲಸದಿಂದ ತೆಗೆದಾಗಿನ ಗಲಾಟೇಲಿ ಅಂದ್ರು. ಎಲ್ಲರಿಗೂ ಒಟ್ಟಿಗೇ ಮರೆವು ಬಂತಾ? ಅಲ್ಲ, ಹುಡುಗ ಸತ್ತಾಗ ನಮ್ಮ ಕೈಲಿ ಏನೂ ಮಾಡಕ್ಕಾಗ್ಲಿಲ್ಲ ಅನ್ನೋ ಸಂಕಟ ಅವರೊಳಗೆ ಹಾಗೇ ಉಳಿದಿತ್ತು, ಅದಕ್ಕೆ ಆ ಸಾವನ್ನ ತಾವು ಬೀದಿಗಿಳಿದು ತಿರುಗಿಬಿದ್ದ ದಿನಕ್ಕೆ ತಂದು ಸೇರಿಸಿದ್ರು ಅನ್ನೋದು ಪೊರ್ತೆಲ್ಲಿ ವಾದ. ನಂಗಂತೂ ಇಡೀ ಸಿಲೆಬಸ್ಸಲ್ಲಿ ಇಷ್ಟು ಇಷ್ಟವಾದ ಭಾಗ ಬೇರೆ ಇಲ್ಲ.

ಅದಕ್ಕೇ ಹೇಳಿದವರ ಮಾತಲ್ಲಿ ಇಸವಿ ತಪ್ಪಿದ್ರೆ ತಿದ್ದಬೇಡಿ, ಹಾಗೇ ಇಟ್ಟು ಪಕ್ಕದಲ್ಲಿ ಸರಿ ಇಸವಿ ಬರೀರಿ.

ಪ್ರಶ್ನೆ ಕೇಳೋ ರೀತೀನೂ ಸ್ವಲ್ಪ ನೋಡ್ಕೊಳ್ಳಿ. "ಆಗಿನ ಶಿವಮೊಗ್ಗ ಹೆಂಗಿತ್ತು?" ಅಂದ್ರೆ "ತುಂಬಾ ಚೆನ್ನಾಗಿತ್ತು ಕಣಪ್ಪ, ಈಗೆಲ್ಲ ಹಾಳಾಯ್ತು" ಅನ್ನೋ ರೆಡಿಮೇಡ್ ಉತ್ತರಾನೇ ಬರೋದು. ಬದ್ಲಿಗೆ ದುರ್ಗಿಗುಡಿಯಿಂದ ಗಾಂಧಿ ಬಜಾರಿಗೆ ಯಾವ ದಾರೀಲಿ ನಡ್ಕೊಂಡು ಹೋಗ್ತಿದ್ರಿ, ಮೊದ್ಲು ಯಾವ ಅಂಗಡಿ ಸಿಗ್ತಿತ್ತು, ಯಾವ ಓಣಿಗೆ ಹೋಗ್ಬೇಡ ಅಂತ ಮನೇಲಿ ಬೈತಿದ್ರು ಅಂತ ಕೇಳಿ. ಕೊನೇ ಪ್ರಶ್ನೆಗೆ ಜಾತಿ, ಧರ್ಮ, ಬಡತನ ಎಲ್ಲ ತಾನಾಗೇ ಹೊರಗೆ ಬರತ್ತೆ. ಹೆಂಗಸರನ್ನೂ ಗಂಡಸರನ್ನೂ ಬೇರೆಬೇರೆ ಕೂರಿಸಿ ಕೇಳಿ, ಒಟ್ಟಿಗೆ ಕೂತ್ರೆ ಅಜ್ಜ ಒಬ್ಬರೇ ಮಾತಾಡ್ತಾರೆ.